ಮೂರು ಹೊತ್ತು ಮಿಂದರೂ ಮೈ ಒಣಗುವುದೇಕೆ?

ಕಳೆದ ತಿಂಗಳು ಒಂದು ಸಂಜೆ ನಮ್ಮ ವಾಚನಾಲಯದಲ್ಲಿ ಗಾರೆ ಕೆಲಸದ ಗೆಳೆಯರೊಬ್ಬರು ಪತ್ರಿಕೆ ಹಿಡಿದು ಕುಳಿತಿದ್ದರು. ಓದುವುದಕ್ಕಿಂತ ಮೊಣಕಾಲಿನ ಕೆಳಗೆ ಕೆರೆದುಕೊಳ್ಳುವುದೇ ಹೆಚ್ಚಾಗಿತ್ತು. ರಾಯಚೂರಿನ ಕಡೆಯವರು, ಕೊಚ್ಚಿಗೆ ಬಂದು ಎರಡು ವರ್ಷವಾಗಿದೆ. ವಿಚಾರಿಸಿದಾಗ ಸಂಕೋಚದಿಂದಲೇ ಹೇಳಿದರು: “ದಿನಾ ಮೂರು ಸಲ ಸೋಪು ಹಚ್ಚಿ ಜಳಕ ಮಾಡ್ತೀನ್ರಿ ಸರ. ಆದ್ರೂ ಮೈ ತುರಿಸೋದು ನಿಲ್ಲವಲ್ದು. ಕಜ್ಜಿ ಐತಿ ಅಂತ ರೂಮಿನವ್ರು ನನ್ನ ಹಾಸಿಗಿ ಹೊರಗ ಹಾಕ್ಯಾರ.”

ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಬೆರಳ ಸಂದು, ಮಣಿಕಟ್ಟು, ಸೊಂಟ ಎಲ್ಲವನ್ನೂ ನೋಡಿ, “ಇದು ಕಜ್ಜಿಯಲ್ಲ, ಚರ್ಮ ಒಣಗಿದೆ, ಅಷ್ಟೇ” ಎಂದರು. “ಮೂರು ಸಲ ಮೀಯುತ್ತೇನೆ, ಆದರೂ ತುರಿಸುತ್ತದೆ” ಎಂದು ನಮ್ಮ ಗೆಳೆಯರು ಹೇಳಿದ್ದರು. “ಮೂರು ಸಲ ಮೀಯುತ್ತೇನೆ, ಅದಕ್ಕೇ ತುರಿಸುತ್ತದೆ” ಎನ್ನುವುದು ಸರಿಯಾದ ಮಾತು. ಈ ವ್ಯತ್ಯಾಸವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಚರ್ಮವೆಂಬ ಗೋಡೆ

ನಮ್ಮ ಚರ್ಮದ ಅತ್ಯಂತ ಹೊರಗಿನ ಪೊರೆ ಕಾಗದದ ಹಾಳೆಗಿಂತಲೂ ತೆಳುವಾದುದು. ಅದರಲ್ಲಿ ಸತ್ತ ಜೀವಕೋಶಗಳು ಸುಮಾರು ಹದಿನೈದು ಇಪ್ಪತ್ತು ಸಾಲುಗಳಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಗಾರೆ ಕೆಲಸ ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಜೀವಕೋಶಗಳೇ ಇಟ್ಟಿಗೆಗಳು, ಅವುಗಳ ನಡುವೆ ತುಂಬಿರುವ ಒಂದು ಬಗೆಯ ಜಿಡ್ಡೇ ಗಾರೆ. ಈ ಗಾರೆ ಗಟ್ಟಿಯಾಗಿರುವವರೆಗೆ ಒಳಗಿನ ನೀರು ಹೊರಗೆ ಹೋಗದು, ಹೊರಗಿನ ಧೂಳು ಕ್ರಿಮಿಗಳು ಒಳಗೆ ಬಾರವು. ಗಾರೆ ತೊಳೆದುಹೋದರೆ ನೀರು ಆವಿಯಾಗಿ ಹಾರುತ್ತದೆ. ಪೊರೆ ಗಡುಸಾಗಿ ಸಣ್ಣಗೆ ಬಿರಿಯುತ್ತದೆ, ಬೂದಿ ಬಳಿದಂತೆ ಬೆಳ್ಳಗಾಗುತ್ತದೆ, ತುರಿಸುತ್ತದೆ. ಕೆರೆದರೆ ಬಿರುಕು ಹೆಚ್ಚುತ್ತದೆ; ಬಿರುಕಿನಲ್ಲಿ ಕ್ರಿಮಿ ಸೇರಿದರೆ ಕೀವಾಗುತ್ತದೆ.

ಮೊಣಕಾಲಿನ ಕೆಳಗೆ ಮೈಜಿಡ್ಡಿನ ಗ್ರಂಥಿಗಳು ಕಡಿಮೆ. ಅಂಗೈ ಅಂಗಾಲುಗಳಲ್ಲಿ ಅವು ಇಲ್ಲವೇ ಇಲ್ಲ. ಆದುದರಿಂದಲೇ ಕಾಲು ಮೊದಲು ಬೆಳ್ಳಗಾಗುವುದು, ಹಿಮ್ಮಡಿ ಮೊದಲು ಒಡೆಯುವುದು.

ಅಮೆರಿಕದ ವಿಜ್ಞಾನಿ ಇರ್ವಿನ್ ಬ್ಲಾಂಕ್ ಎಂಬವರು 1952ರಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ಪ್ರಕಟಿಸಿದರು. ಒಣಗಿ ಪೆಡಸಾದ ಚರ್ಮದ ತುಣುಕನ್ನು ಎಣ್ಣೆಯಲ್ಲಿ ನೆನೆಸಿಟ್ಟರೆ ಅದು ಮೆತ್ತಗಾಗಲಿಲ್ಲ. ನೀರು ಹೀರಿದಾಗ ಮಾತ್ರ ಮೆತ್ತಗಾಯಿತು. ಇದರಿಂದ ತಿಳಿಯುವುದೇನು? ಚರ್ಮವನ್ನು ಮೃದುವಾಗಿಡುವುದು ನೀರು. ಎಣ್ಣೆಯ ಕೆಲಸ ಆ ನೀರನ್ನು ಹೋಗಗೊಡದೆ ಹಿಡಿದಿಡುವುದು. ಒಣಗಿದ ಮೈಮೇಲೆ ಎಷ್ಟು ಎಣ್ಣೆ ತಿಕ್ಕಿದರೂ ಹೆಚ್ಚು ಫಲವಿಲ್ಲ. ನೀರಿನ ತೇವ ಇನ್ನೂ ಇರುವಾಗಲೇ ಎಣ್ಣೆ ಹಚ್ಚಬೇಕು. ಇಡೀ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ಈ ತೇವದ ನಾಡಿನಲ್ಲಿ ಒಣಗುವುದೇಕೆ?

ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ತಿರುವನಂತಪುರದಲ್ಲಿ ಅದಕ್ಕಿಂತ ಕಡಿಮೆಯಾದರೂ ಗಾಳಿಯಲ್ಲಿ ತೇವ ತಪ್ಪದು. ರಾಯಚೂರು, ವಿಜಯಪುರದ ಒಣಗಾಳಿಯಲ್ಲಿ ಮೈ ಬಿರಿಯುವುದು ಸಹಜ. ಇಲ್ಲಿ ಹಾಗಾಗಲು ಕಾರಣವೇನು?

ಮೊದಲನೆಯ ಕಾರಣ ಬೆವರು. ತೇವದ ಗಾಳಿಯಲ್ಲಿ ಬೆವರು ಆರದು, ಮೈ ಅಂಟುತ್ತದೆ. ಕೆಲಸಕ್ಕೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ, ಮಲಗುವ ಮುನ್ನ ಇನ್ನೊಮ್ಮೆ ಮೀಯುತ್ತೇವೆ. ನೀರಿನಿಂದ ತೊಂದರೆ ಸ್ವಲ್ಪವೇ. ಮೂರು ಸಲವೂ ಅಡಿಯಿಂದ ಮುಡಿಯವರೆಗೆ ಸಾಬೂನು ಹಚ್ಚುವುದರಿಂದ ತೊಂದರೆ ಬಹಳ.

ಎರಡನೆಯ ಕಾರಣವನ್ನು ನಮ್ಮಲ್ಲಿ ಅನೇಕರು ಗಮನಿಸಿಲ್ಲ. ಬಯಲುಸೀಮೆಯ ಕೊಳವೆಬಾವಿಗಳ ನೀರು ಗಡಸು; ಅದರಲ್ಲಿ ಎಷ್ಟು ಉಜ್ಜಿದರೂ ನೊರೆ ಏಳದು. ಕೊಚ್ಚಿಯ ನಲ್ಲಿಗೆ ಆಲುವಾದಲ್ಲಿ ಪೆರಿಯಾರ್ ನದಿಯಿಂದ ಎತ್ತಿದ ನೀರು ಬರುತ್ತದೆ. ತಿರುವನಂತಪುರಕ್ಕೆ ಕರಮನ ನದಿಯ ಅರುವಿಕ್ಕರದಿಂದ 1933ರಿಂದ ನೀರು ಬರುತ್ತಿದೆ. ಈ ಹೊಳೆನೀರು ಮೆದು. ಇದರಲ್ಲಿ ಸ್ವಲ್ಪ ಸಾಬೂನಿಗೇ ಬೇಕಾದಷ್ಟು ನೊರೆ. ಆದರೆ ಊರಿನ ಅಭ್ಯಾಸದ ಕೈ ಊರಿನಷ್ಟೇ ಉಜ್ಜುತ್ತದೆ. ಮೇಲಾಗಿ ಮೆದುನೀರಿನಲ್ಲಿ ತೊಳೆದ ಮೈ ಜಾರುವಂತೆ ತೋರುತ್ತದೆ. ಸಾಬೂನು ಹೋಗಿಲ್ಲವೆಂದು ಮತ್ತೆ ಮತ್ತೆ ತಿಕ್ಕುತ್ತೇವೆ. ಇಲ್ಲಿ ಊರಿನ ಅರ್ಧ ಸಾಬೂನು ಸಾಕು. ಹಿನ್ನೀರಿನ ಪಕ್ಕದ ಕೆಲವು ಬಾವಿಗಳಲ್ಲಿ ಉಪ್ಪು ಬೆರೆತಿರುತ್ತದೆ. ಅಂಥ ನೀರಿನಲ್ಲಿ ಮಿಂದರೆ ಕಡೆಗೆ ಒಂದೆರಡು ತಂಬಿಗೆ ಸಿಹಿನೀರು ಹೊಯ್ದುಕೊಳ್ಳುವುದು ಒಳ್ಳೆಯದು.

ಗುಮಾಸ್ತ ಮಿತ್ರರಿಗೆ ಮೂರನೆಯ ಕಾರಣವೊಂದುಂಟು. ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿಯೋ ಕೊಚ್ಚಿಯ ಕಾಕ್ಕನಾಡಿನಲ್ಲಿಯೋ ದಿನವಿಡೀ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವರ ಸುತ್ತಲಿನ ಗಾಳಿ ಕೇರಳದ ಗಾಳಿಯಲ್ಲ. ಆ ಯಂತ್ರ ತಣ್ಣಗೆ ಮಾಡುವಾಗಲೇ ತೇವವನ್ನೂ ಹಿಂಡಿ ಹೊರಹಾಕುತ್ತದೆ. ಬೆಳಿಗ್ಗೆ ಗೀಸರಿನ ಬಿಸಿನೀರು, ಹಗಲೆಲ್ಲ ಒಣಗಾಳಿ. ತುಟಿ ಒಡೆದರೆ, ಕೈ ಹೊರಟಾದರೆ ಆಶ್ಚರ್ಯವಿಲ್ಲ.

ಸಾಬೂನಿನ ವಿಚಾರ

ನಮ್ಮ ಜನ ದಿನವೂ ಸಾಬೂನು ಹಚ್ಚುವುದನ್ನು ಕಲಿತು ಬಹಳ ಕಾಲವಾಗಿಲ್ಲ. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆ ಹುಟ್ಟಿದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಇತ್ತ ಎರ್ನಾಕುಳದಲ್ಲಿ 1917ರಲ್ಲಿ ಕೊಬ್ಬರಿಯಿಂದ ಎಣ್ಣೆ ತೆಗೆಯಲು ಹೊರಟ ಟಾಟಾ ಆಯಿಲ್ ಮಿಲ್ಸ್ ಮುಂದೆ ಸಾಬೂನಿಗೂ ಹೆಸರಾಯಿತು. ಆ ಕಂಪನಿ ಈಗಿಲ್ಲ; ಟಾಟಾಪುರವೆಂಬ ಹೆಸರು ಉಳಿದಿದೆ. ಅದಕ್ಕೆ ಮೊದಲು ನಮ್ಮ ಮನೆಗಳಲ್ಲಿ ಸೀಗೆಪುಡಿ, ಕಡಲೆಹಿಟ್ಟು, ಹೆಸರುಹಿಟ್ಟು. ಮಲಯಾಳಿಗಳಲ್ಲಿ ಚೆರುಪಯರಿನ ಪುಡಿ ಮತ್ತು ಇಂಚ ಎಂಬ ಬಳ್ಳಿಯ ನಾರು. ಎಣ್ಣೆ ಹಚ್ಚಿದ ಮೈಯಿಂದ ಹೆಚ್ಚಿನ ಜಿಡ್ಡನ್ನಷ್ಟೇ ತೆಗೆಯುವುದಕ್ಕೆ ಇವು ಬಳಕೆಯಾಗುತ್ತಿದ್ದವು. ನಾವೀಗ ಎಣ್ಣೆಯನ್ನು ಬಿಟ್ಟೆವು, ಸಾಬೂನನ್ನು ಮಾತ್ರ ಇಟ್ಟುಕೊಂಡೆವು.

ಸಾಬೂನೆಂದರೆ ಎಣ್ಣೆಗೆ ಕ್ಷಾರವನ್ನು ಕೂಡಿಸಿ ಮಾಡಿದ ವಸ್ತು. ಆರೋಗ್ಯವಾದ ಚರ್ಮದ ಮೇಲ್ಮೈ ತುಸು ಹುಳಿಯಾಗಿರುತ್ತದೆ, ಸಾಬೂನು ಕ್ಷಾರ. ಹಚ್ಚಿ ತೊಳೆದ ಮೇಲೆ ಚರ್ಮ ತನ್ನ ಹುಳಿಗುಣಕ್ಕೆ ಮರಳಲು ಕೆಲವು ಗಂಟೆಗಳು ಬೇಕು. ಅಷ್ಟರಲ್ಲಿ ಮತ್ತೆ ಸಾಬೂನು ಬಿದ್ದರೆ ಅದಕ್ಕೆ ಸುಧಾರಿಸಿಕೊಳ್ಳಲು ಸಮಯವೇ ಇಲ್ಲ. ಇನ್ನೊಂದು ವಿಚಿತ್ರವೂ ಉಂಟು: ಎಣ್ಣೆಯಾಗಿ ಚರ್ಮವನ್ನು ಕಾಯುವ ತೆಂಗು, ಸಾಬೂನಾದಾಗ ತುಂಬ ನೊರೆಬಿಟ್ಟು ಜಿಡ್ಡನ್ನು ಚೆನ್ನಾಗಿ ಕೀಳುತ್ತದೆ. “ಶುದ್ಧ ತೆಂಗಿನೆಣ್ಣೆಯ ಸಾಬೂನು” ಎಂದ ಮಾತ್ರಕ್ಕೆ ಒಣ ಚರ್ಮಕ್ಕೆ ಹಿತವೆಂದು ತಿಳಿಯಬಾರದು.

ಕೊಳ್ಳುವಾಗ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂಬ ಅಂಕೆಯನ್ನು ನೋಡಿರಿ. ಸಾಬೂನಿನಲ್ಲಿ ನೂರಕ್ಕೆ ಎಷ್ಟು ಪಾಲು ಕೊಬ್ಬಿನ ಅಂಶವಿದೆ ಎಂಬುದನ್ನು ಅದು ತಿಳಿಸುತ್ತದೆ. ಭಾರತೀಯ ಮಾನಕದಂತೆ ಮೊದಲ ದರ್ಜೆಗೆ ಕನಿಷ್ಠ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ಅಂಕೆ ಕಡಿಮೆಯಾದಷ್ಟೂ ಬೆರಕೆಯ ಪುಡಿ ಹೆಚ್ಚು. ಆದರೆ ಅಂಕೆ ಎಷ್ಟೇ ದೊಡ್ಡದಾದರೂ ಸಾಬೂನು ಸಾಬೂನೇ; ಮಿತವಾಗಿ ಬಳಸುವುದೇ ಮುಖ್ಯ. ಬಟ್ಟೆ ಒಗೆಯುವ ಬಿಲ್ಲೆಯನ್ನು ಮೈಗೆ ಹಚ್ಚಲೇಬಾರದು. ಒಂದು ಬಿಲ್ಲೆಯಲ್ಲಿ ಎರಡು ಕೆಲಸವಾಯಿತೆಂಬ ಉಳಿತಾಯ, ಕೊನೆಗೆ ಔಷಧಿಯ ಖರ್ಚಾಗುತ್ತದೆ. ತುರಿಕೆಗೆಂದು ಸ್ನಾನದ ನೀರಿಗೆ ದಿನವೂ ಕ್ರಿಮಿನಾಶಕ ದ್ರವ ಸುರಿಯುವುದರಿಂದಲೂ ಚರ್ಮ ಇನ್ನಷ್ಟು ಕೆರಳುತ್ತದೆ.

ಸ್ನಾನದ ಕ್ರಮ

ಸಾಬೂನು ದಿನಕ್ಕೆ ಒಂದೇ ಸಲ, ಅದೂ ಕೆಲಸ ಮುಗಿದ ಮೇಲಿನ ಸ್ನಾನದಲ್ಲಿ. ಕಂಕುಳು, ತೊಡೆಸಂದು, ಪಾದ, ಕೊಳೆ ಕಾಣುವ ಭಾಗಗಳು, ಇಷ್ಟಕ್ಕೆ ಸಾಕು. ತೋಳಿಗೂ ಕಾಲಿಗೂ ಬೆನ್ನಿಗೂ ಮೇಲಿನಿಂದ ಇಳಿಯುವ ನೊರೆಯೇ ಸಾಕು. ಉಳಿದೆರಡು ಸ್ನಾನ ಬರಿ ನೀರಿನದಾಗಲಿ. ಬೆವರು ನೀರಿಗೇ ಹೋಗುತ್ತದೆ.

ನೀರು ತಣ್ಣಗೆ ಅಥವಾ ಉಗುರುಬೆಚ್ಚಗಿರಲಿ. ಬಿಸಿನೀರಿನಲ್ಲಿ ತುರಿಕೆ ಹಾಯೆನಿಸುವುದು ನಿಜ. ಆದರೆ ಜಿಡ್ಡಿನ ಪಾತ್ರೆ ಬಿಸಿನೀರಿಗೆ ಬೇಗ ಶುದ್ಧವಾಗುವಂತೆ ಚರ್ಮದ ಜಿಡ್ಡೂ ಹೋಗುತ್ತದೆ. ಷವರಾಗಲಿ ಬಕೆಟ್ಟಾಗಲಿ, ಐದರಿಂದ ಹತ್ತು ನಿಮಿಷ ಸಾಕು. ಸರದಿ ಕಾಯುವ ಬಾಡಿಗೆ ಕೋಣೆಗಳಲ್ಲಿ ಈ ನಿಯಮದಿಂದ ಇತರರಿಗೂ ಉಪಕಾರ. ಉಜ್ಜುವ ಕಲ್ಲು ಹಿಮ್ಮಡಿಗೆ ಮಾತ್ರ; ಪ್ಲಾಸ್ಟಿಕ್ ನಾರಿನಿಂದ ಒಣಗಿದ ಕಾಲನ್ನು ತಿಕ್ಕಬೇಡಿ.

ಒರೆಸುವಾಗ ತಿಕ್ಕದೆ ಒತ್ತಿ ಒರೆಸಬೇಕು. ಇದಕ್ಕೆ ಇಲ್ಲಿನವರ ತೆಳುವಾದ ತೋರ್ತು ಬಲು ಅನುಕೂಲ; ಬೇಗ ಒಣಗುವುದರಿಂದ ನಾರುವುದೂ ಇಲ್ಲ. ತೊಡೆಸಂದು, ಕಂಕುಳು, ಕಾಲ್ಬೆರಳ ಸಂದುಗಳನ್ನು ಪೂರ್ತಿ ಒಣಗಿಸಿ. ಉಳಿದ ಮೈಯಲ್ಲಿ ಸ್ವಲ್ಪ ತೇವವಿರಲಿ. ಆ ತೇವದ ಮೇಲೆಯೇ, ಮೂರು ನಿಮಿಷದೊಳಗಾಗಿ, ಕಾಲು, ತೋಳು, ಕೈ, ಹಿಮ್ಮಡಿಗಳಿಗೆ ತೆಂಗಿನೆಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ತೆಳ್ಳಗೆ ಸವರಿ. ಎಣ್ಣೆಯ ಬೆಲೆ ಏರಿದ್ದರೂ ಬೇಕಾದುದು ಒಂದು ಚಮಚವಷ್ಟೆ.

ನಮ್ಮ ಹಿರಿಯರ ಅಭ್ಯಂಜನದಲ್ಲಿ ಎಣ್ಣೆ ಸ್ನಾನಕ್ಕೆ ಮೊದಲು. ಕೇರಳದ ವೈದ್ಯರು ಬಹುವಾಗಿ ಗೌರವಿಸುವ ವಾಗ್ಭಟನ ಅಷ್ಟಾಂಗಹೃದಯವೂ ದಿನವೂ ಎಣ್ಣೆ ಹಚ್ಚಲು ಹೇಳುತ್ತದೆ. ವಾರಕ್ಕೊಮ್ಮೆ ಅದನ್ನು ನಡೆಸಿಕೊಂಡು ಬರಬಹುದು. ಆದರೆ ಮೊದಲು ಹಚ್ಚಿದ ಎಣ್ಣೆಯನ್ನೆಲ್ಲ ಸಾಬೂನಿನಿಂದ ತೊಳೆದು ಹಾಕಿದರೆ ಉಳಿಯುವುದೇನು? ಒಣ ಚರ್ಮದವರಿಗೆ ಸ್ನಾನದ ನಂತರದ ಎಣ್ಣೆಯೇ ಹೆಚ್ಚಿನ ಸಹಾಯ. 2004ರಲ್ಲಿ ಪ್ರಕಟವಾದ ಫಿಲಿಪೈನ್ಸ್ ದೇಶದ ಒಂದು ಪರೀಕ್ಷೆಯಲ್ಲಿ ಮೈ ಒಣಗಿದ 34 ಮಂದಿ ಎರಡು ವಾರ ಕಾಲಿಗೆ ಎಣ್ಣೆ ಹಚ್ಚಿದರು. ಕೆಲವರು ತೆಂಗಿನೆಣ್ಣೆ, ಕೆಲವರು ಖನಿಜತೈಲ. ಎರಡರಿಂದಲೂ ಸಮನಾದ ಗುಣ ಕಂಡಿತು.

ಎರಡು ಎಚ್ಚರಿಕೆಗಳು: ಎಣ್ಣೆ ಹಚ್ಚಿದ ಪಾದದಲ್ಲಿ ಬಚ್ಚಲಿನಲ್ಲಿ ನಡೆದರೆ ಜಾರುವಿರಿ, ಹೊರಗೆ ಬಂದು ಕುಳಿತು ಹಚ್ಚಿ. ಎದೆ ಬೆನ್ನಿನ ಮೇಲೆ ಚಿಬ್ಬು ಇರುವವರು, ಮೊಡವೆ ಅಥವಾ ಬೆವರುಸಾಲೆ ಇರುವವರು ಆ ಜಾಗಗಳಿಗೆ ಎಣ್ಣೆ ಹಚ್ಚಬಾರದು. ಹಚ್ಚಿದರೆ ಅದು ಹೆಚ್ಚುತ್ತದೆ.

ದುಡಿಯುವ ಕೈ

ಕೂಲಿ ತರುವುದು ಕೈ. ಕೈ ಬಿರಿದರೆ ಕರಣಿ ಹಿಡಿಯಲಾಗದು, ಕೂಲಿ ನಿಲ್ಲುತ್ತದೆ. ಹಸಿ ಸಿಮೆಂಟು ಸಾಬೂನಿಗಿಂತಲೂ ಬಹಳ ತೀಕ್ಷ್ಣವಾದ ಕ್ಷಾರ. ಅದರಲ್ಲಿರುವ ಕ್ರೋಮಿಯಂ ಅಂಶದಿಂದ ಕೆಲವರಿಗೆ ಬಿಡದ ಇಸುಬು ಹತ್ತುತ್ತದೆ. ಸಿಮೆಂಟು ತಾಗಿದೊಡನೆ ಶುದ್ಧ ನೀರಿನಲ್ಲಿ ತೊಳೆಯಿರಿ, ಸಂಜೆಯವರೆಗೆ ಕಾಯಬೇಡಿ. ಕೈಗವಸಿನೊಳಗೆ, ಬೂಟಿನೊಳಗೆ ಸಿಮೆಂಟು ನೀರು ನುಗ್ಗಿದರೆ ಕೂಡಲೇ ಕಳಚಿ ತೊಳೆಯಬೇಕು. ಬಣ್ಣ, ಗ್ರೀಸು ತೆಗೆಯಲು ಸೀಮೆಎಣ್ಣೆಯನ್ನಾಗಲಿ ಥಿನ್ನರನ್ನಾಗಲಿ ಮುಟ್ಟಬೇಡಿ. ಅಡುಗೆ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿದರೆ ಬಹುಮಟ್ಟಿಗೆ ಬಿಡುತ್ತದೆ. ಹೋಟೆಲುಗಳಲ್ಲಿ ಪಾತ್ರೆ ತೊಳೆಯುವ ನಮ್ಮ ಹುಡುಗರು ರಾತ್ರಿ ಕೈ ತೊಳೆದು, ತೇವವಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಮಲಗಲಿ.

ವೈದ್ಯರಿಗೆ ತೋರಿಸಬೇಕಾದುದು ಯಾವಾಗ?

ಎಲ್ಲ ತುರಿಕೆಯೂ ಒಣ ಚರ್ಮದ್ದಲ್ಲ. ರಾತ್ರಿ ಹೆಚ್ಚಾಗಿ, ಬೆರಳ ಸಂದಿನಲ್ಲಿ ಗುಳ್ಳೆಗಳೆದ್ದು, ಕೋಣೆಯ ಇತರರಿಗೂ ಹರಡಿದರೆ ಅದು ಕಜ್ಜಿ. ಎಲ್ಲರೂ ಒಟ್ಟಿಗೆ ಔಷಧಿ ಮಾಡಬೇಕು. ಬಳೆಯಂತೆ ಅಂಚು ಕೆಂಪಾದರೆ ಹುಳುಕಡ್ಡಿ ಇರಬಹುದು. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮಿನಿಂದ ಅದು ಒಮ್ಮೆ ಅಡಗಿದಂತೆ ಕಂಡು ಮತ್ತೆ ಹಬ್ಬುತ್ತದೆ. ಮಾಸಿದ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ತಡಮಾಡಲೇಬಾರದು. ಅದು ಕುಷ್ಠವಿರಬಹುದು, ಬೇಗ ಹಿಡಿದರೆ ಪೂರ್ತಿ ವಾಸಿಯಾಗುತ್ತದೆ. ಒಣಗುವುದರ ಜೊತೆಗೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆಯ ಪರೀಕ್ಷೆ ಮಾಡಿಸಿ. ಕೀವು, ಊತ, ಜ್ವರ ಕಂಡರೂ ಹಾಗೆಯೇ. ತಿರುವನಂತಪುರದಲ್ಲಿ 1951ರಲ್ಲಿ ಆರಂಭವಾದ ಸರ್ಕಾರಿ ಮೆಡಿಕಲ್ ಕಾಲೇಜು, ಕೊಚ್ಚಿಯಲ್ಲಿ ಎರ್ನಾಕುಳದ ಜನರಲ್ ಆಸ್ಪತ್ರೆ ನಮಗೂ ತೆರೆದಿವೆ. ಭಾಷೆ ಬಾರದೆಂದು ಹಿಂಜರಿಯಬೇಡಿ. “ಚೊರಿಚ್ಚಿಲ್” ಎಂದರೆ ತುರಿಕೆ, ಆ ಒಂದು ಮಾತು ಸಾಕು.

ನಮ್ಮ ಗೆಳೆಯರು ವೈದ್ಯರು ಹೇಳಿದಂತೆ ಸಾಬೂನನ್ನು ಸಂಜೆಗೆ ಮಾತ್ರ ಇಟ್ಟುಕೊಂಡರು, ಬಿಸಿನೀರನ್ನು ಬಿಟ್ಟರು, ತೇವದ ಮೈಗೆ ಎಣ್ಣೆ ಸವರತೊಡಗಿದರು. ಮೂರನೆಯ ವಾರಕ್ಕೆ ಕಾಲಿನ ಬೂದಿಬಣ್ಣ ಹೋಗಿತ್ತು. ಹಾಸಿಗೆ ಮತ್ತೆ ಕೋಣೆಯೊಳಗೆ ಬಂದಿದೆ. ಈಗ ಆ ಕೋಣೆಯ ಇನ್ನಿಬ್ಬರು ಇವರ ಎಣ್ಣೆಸೀಸೆಗೇ ಕೈಯೊಡ್ಡುತ್ತಾರಂತೆ.

ಓದಿದವರು ಓದಲಾರದವರಿಗೆ ಇದನ್ನು ಓದಿ ಹೇಳಬೇಕೆಂದು ವಿನಂತಿ. ನಾಳೆ ಬೆಳಿಗ್ಗೆಯ ಸ್ನಾನದಿಂದಲೇ ಆರಂಭಿಸಬಹುದು.