ಪಾಪು ಮಲಗಲೊಲ್ಲದ ರಾತ್ರಿ

ಚಿ. ಸೌ. ಪುಟ್ಟಿಗೆ,

ಪಾಪುವಿಗೆ ಜ್ವರ ಬಿಟ್ಟಿದೆ, ಮತ್ತೆ ಮನೆಯೆಲ್ಲ ಅಂಬೆಗಾಲಿಡುತ್ತಿದ್ದಾನೆ ಎಂದು ನಿಮ್ಮಮ್ಮ ಹೇಳಿದ ಮೇಲೆ ಮನಸ್ಸು ಹಗುರಾಯಿತು. “ಎರಡು ರಾತ್ರಿ ಹಲ್ಲು ಬರ್ತಿದೆ ಅಂದುಕೊಂಡ್ವಿ, ಡಾಕ್ಟರು ನೋಡಿ ಕಿವಿ ಅಂದರು. ಮುಂದಿನ ಸಲ ನನಗೆ ಹೇಗೆ ಗೊತ್ತಾಗಬೇಕು ದೊಡ್ಡಮ್ಮ?” ಎಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆ ಗಡಿಬಿಡಿಯಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಈ ಕಾಗದ.

ಮೊದಲು ನಿನ್ನ ಕೊರಗು ಬಿಡು. ಉಪಕೇಂದ್ರದಲ್ಲಿ ಎಎನ್‌ಎಂ ಆಗಿ ಇಡೀ ಸರ್ವಿಸ್ ಕಳೆದವಳು ನಾನು. ಮಗು ರಾತ್ರಿ ಕಿರುಚಿದರೆ ಮನೆಯವರು ಹೊಟ್ಟೆನೋವು ಎನ್ನುತ್ತಾರೆ, ಹಲ್ಲು ಎನ್ನುತ್ತಾರೆ, ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಕಿವಿಯ ನೆನಪು ಬರುವುದು ಕೊನೆಗೆ. ಯಾಕೆಂದರೆ ಹೊರಗಿನಿಂದ ನೋಡಿದರೆ ಕಿವಿ ಚೆನ್ನಾಗಿಯೇ ಇರುತ್ತದೆ.

ಕೂಸಿನ ಕಿವಿ ಕೆಡುವುದು ಮೂಗಿನ ದೆಸೆಯಿಂದ. ಕಿವಿ ತಮಟೆಯ ಹಿಂದೆ ಒಂದು ಪುಟ್ಟ ಕೋಣೆ ಇದೆ, ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳ. ನಮ್ಮಂಥ ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ. ಎಳೆಗೂಸಿನಲ್ಲಿ ಗಿಡ್ಡ, ಸಣ್ಣ, ಹೆಚ್ಚುಕಡಿಮೆ ಮಟ್ಟಸ. ವಾಟ ಸರಿಯಿಲ್ಲದ ಬಚ್ಚಲಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ. ನೆಗಡಿಯಾದಾಗ ಆ ನಾಳ ಊದಿಕೊಂಡು ಮುಚ್ಚುತ್ತದೆ, ತಮಟೆಯ ಹಿಂದೆ ದ್ರವ ನಿಲ್ಲುತ್ತದೆ, ನಿಂತಲ್ಲಿ ಸೋಂಕು ಹತ್ತುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲೇ ಇದು ಹೆಚ್ಚು. ಪಾಪು ಈಗ ಸರಿಯಾಗಿ ಆ ವಯಸ್ಸಿನಲ್ಲಿದ್ದಾನೆ, ಜೊತೆಗೆ ಡೇಕೇರ್‌ಗೆ ಹೋಗಲು ಶುರುಮಾಡಿದ್ದಾನೆ. ನೆಗಡಿ ಬಂದೇ ಬರುತ್ತದೆ. ಹಾಗಾಗಿ ನೆಗಡಿ ಶುರುವಾದ ದಿನ ನೆನಪಿಟ್ಟುಕೋ. ಮೂರ್ನಾಲ್ಕು ದಿನ ಕಳೆದು ಮೂಗು ಸೋರುವುದು ಕಡಿಮೆಯಾಗುತ್ತಿರುವಾಗ ಮಗು ಇದ್ದಕ್ಕಿದ್ದಂತೆ ರಚ್ಚೆ ಹಿಡಿದರೆ, ಮತ್ತೆ ಮೈ ಬಿಸಿಯಾದರೆ, ಕಿವಿಯ ಮೇಲೆ ಅನುಮಾನ ಇರಲಿ. ಜ್ವರ ಇಲ್ಲ ಎಂದ ಮಾತ್ರಕ್ಕೆ ಕಿವಿ ಚೆನ್ನಾಗಿದೆ ಎಂದಲ್ಲ. ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ಸಿಕ್ಕಿದ್ದೆಲ್ಲ ಕಚ್ಚುತ್ತದೆ, ಮೈ ಸ್ವಲ್ಪ ಬೆಚ್ಚಗಾಗಬಹುದು. ಜೋರು ಜ್ವರ ಹಲ್ಲಿನಿಂದ ಬರುವುದಿಲ್ಲ, ಯಾರು ಹೇಳಿದರೂ ಒಪ್ಪಬೇಡ.

ನಾನು ಹೆಚ್ಚು ನಂಬುತ್ತಿದ್ದುದು ಎರಡು ಗುರುತುಗಳನ್ನು. ಒಂದು, ಮಲಗಿಸಿದಾಗಿನ ಅಳು. ಹೆಗಲಿಗೆ ಹಾಕಿಕೊಂಡು ಓಡಾಡಿದರೆ ಸುಮ್ಮನಾಗುವ ಮಗು ಹಾಸಿಗೆಗೆ ಬೆನ್ನು ತಾಗಿದೊಡನೆ ಚೀರುತ್ತದೆ. ಎತ್ತಿಕೊಂಡರೆ ಮತ್ತೆ ಬಿಕ್ಕುತ್ತಾ ಕಣ್ಣು ಮುಚ್ಚುತ್ತದೆ. ಇದನ್ನು ಕಂಡು ಎಷ್ಟೋ ಮನೆಗಳಲ್ಲಿ “ಎತ್ತಿಕೊಂಡೇ ಅಭ್ಯಾಸ ಮಾಡಿದ್ದಾಳೆ” ಎಂದು ತಾಯಿಯನ್ನೇ ದೂರುತ್ತಾರೆ. ಹಟವಲ್ಲ ಅದು. ಮಲಗಿದಾಗ ತಮಟೆಯ ಮೇಲೆ ಒತ್ತಡ ಹೆಚ್ಚಿ ನೋವು ಏರುತ್ತದೆ.

ಇನ್ನೊಂದು, ಹಾಲು ಕುಡಿಯುವ ರೀತಿ. ಹಸಿದ ಮಗು ಆಸೆಯಿಂದ ಬಾಯಿ ಹಾಕುತ್ತದೆ, ಎರಡು ಗುಟುಕು ಎಳೆಯುತ್ತದೆ, ಥಟ್ಟನೆ ಬಿಟ್ಟು ತಲೆ ಹಿಂದಕ್ಕೆ ಒಗೆದು ಅಳುತ್ತದೆ. ಮತ್ತೆ ಬಾಯಿ ಹಾಕುತ್ತದೆ, ಮತ್ತೆ ಬಿಡುತ್ತದೆ. ಹೊಟ್ಟೆ ತುಂಬಿದ ಮಗು ಹೀಗೆ ಮಾಡುವುದಿಲ್ಲ, ಅದು ಮುಖ ಆ ಕಡೆ ತಿರುಗಿಸಿ ಸುಮ್ಮನಾಗುತ್ತದೆ. ಚೀಪುವಾಗ, ನುಂಗುವಾಗ ಕಿವಿಯೊಳಗಿನ ಒತ್ತಡ ಬದಲಾಗುತ್ತದೆ, ಆ ನೋವಿಗೆ ಮಗು ಬಿಡುವುದು. ಮೂಗು ಕಟ್ಟಿದ್ದರೂ ಹೀಗೆ ಬಿಟ್ಟು ಬಿಟ್ಟು ಕುಡಿಯಬಹುದು. ಅದಕ್ಕೆ ಎರಡೂ ಗುರುತು ಒಟ್ಟಿಗೆ ಇವೆಯೇ ನೋಡು.

ಕಿವಿ ಎಳೆದುಕೊಳ್ಳುವುದನ್ನು ಎಲ್ಲರೂ ದೊಡ್ಡ ಗುರುತು ಎನ್ನುತ್ತಾರೆ. ನಾನು ಅದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಮಕ್ಕಳು ಐದಾರು ತಿಂಗಳಿಗೆ ತಮ್ಮ ಕಿವಿಯನ್ನು ಕಂಡುಕೊಂಡು ಆಟವಾಡುತ್ತವೆ, ನಿದ್ದೆ ಬಂದಾಗಲೂ ಉಜ್ಜುತ್ತವೆ. ನೆಗಡಿ ಇಲ್ಲ, ಜ್ವರ ಇಲ್ಲ, ಊಟ ನಿದ್ದೆ ಸರಿಯಿದೆ ಎಂದಾದರೆ ಎಳೆದುಕೊಳ್ಳಲಿ ಬಿಡು. ಕಿವಿ ಕೆಟ್ಟಾಗ ಕೆಲವು ಮಕ್ಕಳಿಗೆ ವಾಂತಿ ಭೇದಿಯೂ ಆಗುತ್ತದೆ, ಆಗ ಎಲ್ಲರ ಗಮನ ಹೊಟ್ಟೆಯ ಕಡೆ ಹೋಗಿಬಿಡುತ್ತದೆ.

ಒಂದು ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ, ಕಿವಿಯ ಹಾಲೆಗೆ ಒಣಗಿ ಅಂಟಿದ ಕೀವು ಕಾಣಬಹುದು. ರಾತ್ರಿಯೆಲ್ಲ ಅತ್ತ ಮಗು ಅಷ್ಟು ಹೊತ್ತಿಗೆ ಆರಾಮಾಗಿ ಮಲಗಿರುತ್ತದೆ. ತಮಟೆ ಸಣ್ಣಗೆ ತೂತಾಗಿ ಒತ್ತಡ ಇಳಿದಿದೆ ಎಂದರ್ಥ. ಗಾಬರಿ ಬೇಡ, ಆ ತೂತು ಬಹುಪಾಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ನೋವು ನಿಂತಿತೆಂದು ಮನೆಯಲ್ಲೇ ಇರಬೇಡ, ಅವತ್ತೇ ಡಾಕ್ಟರಿಗೆ ತೋರಿಸು. ತೊಳೆದು ಒಣಗಿಸಿದ ಮೆತ್ತನೆ ಹತ್ತಿ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿಯ ಬಾಯಲ್ಲಿಟ್ಟು, ನೆನೆದ ಮೇಲೆ ತೆಗೆದು, ಇನ್ನೊಂದು ಇಡುವುದು. ಬತ್ತಿ ಒಣಗಿ ಬರುವ ತನಕ ಹೀಗೆ, ದಿನಕ್ಕೆ ಮೂರು ಸಲ. ನಮಗೆ ತರಬೇತಿಯಲ್ಲಿ ಕಲಿಸಿದ್ದು ಇದನ್ನೇ, ಹಳ್ಳಿಯ ತಾಯಂದಿರಿಗೆ ನಾವು ಕೈಹಿಡಿದು ಕಲಿಸಿದ್ದೂ ಇದನ್ನೇ. ಹತ್ತಿ ತುರುಕಿ ಹಾಗೇ ಬಿಡಬಾರದು, ಬಡ್ಸ್ ಹಾಕಿ ತಿರುವಲೇಬಾರದು. ಕಂದು ಬಣ್ಣದ ಅಂಟಂಟು ಗುಗ್ಗೆ ಬೇರೆ, ಕೀವು ಬೇರೆ. ಗುಗ್ಗೆಯನ್ನು ಅದರ ಪಾಡಿಗೆ ಬಿಡು.

ಈಗ ಎಣ್ಣೆಯ ಮಾತು. ನಿಮ್ಮತ್ತೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡೋಣ ಎಂದರಂತೆ. ಪ್ರೀತಿಯಿಂದಲೇ ಹೇಳಿದ್ದಾರೆ, ಎದುರಾಡಬೇಡ. “ಡಾಕ್ಟರು ಬೇಡ ಅಂದಿದ್ದಾರೆ ಅತ್ತೆ” ಎಂದರೆ ಸಾಕು. ತಮಟೆ ತೂತಾಗಿದೆಯೋ ಇಲ್ಲವೋ ಮನೆಯಲ್ಲಿ ಯಾರಿಗೂ ಕಾಣದು, ತೂತಿದ್ದರೆ ಬಿಟ್ಟದ್ದೆಲ್ಲ ನೇರ ಒಳಗೆ. ಎಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದೂ ಬೇಡ. ನೀರು ಹಾಕಿದ ಮೇಲೆ ಕಿವಿಗೆ ಉಫ್ ಎಂದು ಊದುವುದೂ ಬೇಡ. ಅವರಿಗೆ ಎಣ್ಣೆ ಹಚ್ಚುವ ಆಸೆಯಿದ್ದರೆ ಕೈಕಾಲು ಬೆನ್ನು ತಿಕ್ಕಲಿ, ಮಗುವಿಗೆ ಅದು ಹಿತ.

ಡಾಕ್ಟರ ಹತ್ತಿರ ಹೋದಾಗ “ತುಂಬಾ ಅಳ್ತಾನೆ” ಎಂದಷ್ಟೇ ಹೇಳಬೇಡ. ನೆಗಡಿ ಯಾವತ್ತು ಬಂತು, ಜ್ವರ ಎಷ್ಟಿತ್ತು, ಮಲಗಿಸಿದರೆ ಏನು ಮಾಡುತ್ತಾನೆ, ಹಾಲು ಹೇಗೆ ಕುಡಿಯುತ್ತಾನೆ, ಸಾಲಾಗಿ ಹೇಳು. ಅವರು ದೀಪ ಬಿಟ್ಟು ತಮಟೆ ನೋಡಿದಾಗಲೇ ಖಚಿತವಾಗುವುದು, ಆದರೆ ಎಲ್ಲಿ ನೋಡಬೇಕೆಂದು ತೋರಿಸುವವಳು ನೀನು. ಎಲ್ಲ ಕಿವಿಸೋಂಕಿಗೂ ಆ್ಯಂಟಿಬಯೋಟಿಕ್ ಬೇಕಿಲ್ಲ. ಆರು ತಿಂಗಳು ದಾಟಿದ ಮಗುವಿಗೆ ಒಂದೇ ಕಿವಿ, ಲಘುವಾಗಿದ್ದರೆ, ನೋವಿಗೆ ಔಷಧಿ ಕೊಟ್ಟು ಎರಡು ಮೂರು ದಿನ ನೋಡೋಣ ಎನ್ನಬಹುದು. ಅದು ಉಡಾಫೆಯಲ್ಲ. ಬರೆದುಕೊಟ್ಟರೆ ಮಾತ್ರ ಹೇಳಿದಷ್ಟು ದಿನ ಪೂರ್ತಿ ಹಾಕು, ಹೋದ ಸಲದ ಉಳಿದ ಬಾಟಲಿ ಮುಟ್ಟಬೇಡ. ಪ್ಯಾರಾಸಿಟಮಾಲ್ ಮಗುವಿನ ತೂಕ ನೋಡಿ ಹೇಳಿದ ಅಳತೆಯಲ್ಲೇ ಕೊಡು. ಡ್ರಾಪ್ಸ್ ಸಿರಪ್‌ಗಿಂತ ಬಹಳ ಗಟ್ಟಿ, ಒಂದರ ಅಳತೆ ಇನ್ನೊಂದಕ್ಕೆ ಹಾಕಿದರೆ ಅಪಾಯ.

ಕಿವಿಯ ಹಿಂದೆ ಕೆಂಪಗೆ ಊದಿಕೊಂಡು ಕಿವಿ ಮುಂದಕ್ಕೆ ಬಾಗಿದಂತೆ ಕಂಡರೆ, ಮುಖ ಒಂದು ಕಡೆ ಸೊಟ್ಟಗಾದರೆ, ಕತ್ತು ಸೆಟೆದರೆ, ಮಗು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಬೆಳಗಾಗಲಿ ಎಂದು ಕಾಯಬೇಡ, ಆಗಲೇ ಆಸ್ಪತ್ರೆಗೆ ಹೊರಡು. ನಿನ್ನ ಗೆಳತಿಯ ಕೂಸಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲವಲ್ಲ, ಅವಳಿಗೂ ಹೇಳು: ಅಷ್ಟು ಎಳೆಯ ಮಗುವಿಗೆ 100.4 ಡಿಗ್ರಿ ಮುಟ್ಟಿದರೆ ಕಾರಣ ಯಾವುದೇ ಇರಲಿ, ತಕ್ಷಣ ತೋರಿಸಬೇಕು.

ನನ್ನ ಹೊಟ್ಟೆಯುರಿಸಿದ್ದು ಬೇರೆ ಸಂಗತಿ. “ಅವನಿಗೆ ಕಿವಿ ಸೋರುತ್ತೆ, ದೊಡ್ಡವನಾದ ಮೇಲೆ ಹೋಗುತ್ತೆ” ಎಂದು ವರ್ಷಗಟ್ಟಲೆ ಬಿಟ್ಟ ಮಕ್ಕಳು. ಶಾಲೆಗೆ ಲಸಿಕೆ ಹಾಕಲು ಹೋದಾಗ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದರು, ಮೇಷ್ಟ್ರ ಬಾಯಿಯನ್ನೇ ದಿಟ್ಟಿಸುತ್ತಾ. ದಡ್ಡರು ಎಂಬ ಹೆಸರು ಬೇರೆ. ಕೇಳಿಸದಿದ್ದರೆ ಪಾಪ ಏನು ಉತ್ತರ ಹೇಳಿಯಾವು? ಎರಡು ವಾರ ದಾಟಿ ಕಿವಿ ಸೋರಿದರೆ ಅದು ದೀರ್ಘಕಾಲದ ರೋಗದ ಲೆಕ್ಕ, ಕಿವಿ ತಜ್ಞರೇ ನೋಡಬೇಕು. ಪಾಪುವಿನ ವಿಷಯದಲ್ಲೂ ಒಂದು ಎಚ್ಚರ ಇರಲಿ. ನೋವು ಹೋದರೂ ತಮಟೆಯ ಹಿಂದೆ ದ್ರವ ಕೆಲವು ವಾರ ಉಳಿಯಬಹುದು, ಅಷ್ಟು ದಿನ ಕೇಳಿಸುವುದು ಮಂದ. ಅವನಿಗೆ ಕಾಣದಂತೆ ಹಿಂದೆ ನಿಂತು ಮೆಲ್ಲಗೆ ಕೂಗು. ತಿರುಗುತ್ತಾನಾ? ಅಪ್ಪನ ಬೈಕಿನ ಸದ್ದಿಗೆ ಮೊದಲಿನ ಹಾಗೆ ಬಾಗಿಲ ಕಡೆ ನೋಡುತ್ತಾನಾ? ಮೂರು ತಿಂಗಳಾದರೂ ಅನುಮಾನ ಉಳಿದರೆ ಶ್ರವಣ ಪರೀಕ್ಷೆ ಮಾಡಿಸಲೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸಕ್ಕಾಗಿಯೇ ಇದೆ. ಬಾಯಿ ಬರದ ಕೂಸಿನ ಕಿವಿಯನ್ನೂ ಅಲ್ಲಿ ಪರೀಕ್ಷಿಸುತ್ತಾರೆ.

ಇನ್ನು ಕಿವಿ ಮತ್ತೆ ಕೆಡದಂತೆ ನೋಡಿಕೊಳ್ಳುವ ಮಾತು. ಮಲಗಿಸಿಕೊಂಡು ಬಾಟಲಿ ಹಾಲು ಕೊಡಬೇಡ, ತಲೆ ಎತ್ತರವಿರಲಿ. ಎದೆಹಾಲು ಈಗಲೇ ಬಿಡಿಸಬೇಡ. ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ನಿಲ್ಲಿಸಿ. ಅಳಿಯಂದಿರು ಸಿಗರೇಟು ಬಿಟ್ಟಿದ್ದಾರೆಂದು ಕೇಳಿದೆ, ಬಹಳ ಸಂತೋಷವಾಯಿತು ಎಂದು ಹೇಳು. ತಾಯಿ ಕಾರ್ಡ್ ತೆಗೆದು ನೋಡು, ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಜೊತೆ ನ್ಯೂಮೊಕಾಕಲ್ ಬೂಸ್ಟರ್ ಇದೆ. ಕಿವಿ ಕೆಡಿಸುವ ಮುಖ್ಯ ರೋಗಾಣುಗಳಲ್ಲಿ ಒಂದಕ್ಕೆ ಅದು ತಡೆ. 2021ರಲ್ಲಿ ದೇಶದ ಎಲ್ಲೆಡೆಗೂ ವಿಸ್ತರಿಸಿದರು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. ಮೊನ್ನೆ ಹುಷಾರಿರಲಿಲ್ಲ ಎಂದು ಮುಂದೆ ತಳ್ಳಬೇಡ, ಯಾವತ್ತು ಬರಲಿ ಎಂದು ಡಾಕ್ಟರನ್ನೇ ಕೇಳಿ ದಿನ ಗೊತ್ತುಮಾಡಿಕೋ. ಹಾಕಿಸಿದ ದಿನ ಸಂಜೆ ನನಗೊಂದು ಫೋನ್ ಮಾಡು.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಪ್ರೀತಿಯ ದೊಡ್ಡಮ್ಮ