ಕೊರಿಯಾದಲ್ಲಿ ಒಂದು ಸೆಮಿಸ್ಟರ್: ಮೊದಲ ವಾರಗಳು, ಹಂತ ಹಂತವಾಗಿ

ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ದಕ್ಷಿಣ ಕೊರಿಯಾಕ್ಕೆ ಹೊರಟಿದ್ದೀರಾ? ಅಲ್ಲಿ ಸೆಮಿಸ್ಟರ್ ಶುರುವಾಗುವುದು ಮಾರ್ಚ್ ಇಲ್ಲವೇ ಸೆಪ್ಟೆಂಬರ್‌ನಲ್ಲಿ. ಕ್ಲಾಸಿನ ಪಾಠಕ್ಕೆ ಮೇಷ್ಟ್ರಿದ್ದಾರೆ. ಹೊಸಬರು ತಡವರಿಸುವುದು ಬಸ್ಸಿನ ಬಾಗಿಲಲ್ಲಿ, ಊಟದ ಮೇಜಿನಲ್ಲಿ, ಕಸದ ಡಬ್ಬಿಯ ಮುಂದೆ. ಭಯಪಡಬೇಡಿ, ಒಂದೊಂದಾಗಿ ನೋಡೋಣ.

ಹಂತ 1: ಇಲ್ಲಿದ್ದಾಗಲೇ ಹಂಗುಲ್ ಓದಲು ಕಲಿಯಿರಿ

ಭಾಷೆ ಪೂರ್ತಿ ಬರಬೇಕಿಲ್ಲ, ಅಕ್ಷರ ಬಂದರೆ ಸಾಕು. ದೊರೆ ಸೆಜೊಂಗ್ 1446ರಲ್ಲಿ ಜನಸಾಮಾನ್ಯರಿಗಾಗಿಯೇ ಹೊರತಂದ ಲಿಪಿ ಇದು. ಮೂಲ ವ್ಯಂಜನಗಳು 14, ಸ್ವರಗಳು 10. ಕಾಗುಣಿತ ತಿದ್ದಿದ ಕನ್ನಡದವರಿಗೆ ಇದು ಬೇಗ ಹತ್ತುತ್ತದೆ. ಹ್, ಅ, ನ್ ಮೂರೂ ಒಂದೇ ಚೌಕದಲ್ಲಿ ಕೂತರೆ 'ಹನ್'. ಕೊನೆಯ ವ್ಯಂಜನ ಚೌಕದ ಕೆಳಗೆ ಬರುತ್ತದೆ.

ಎಚ್ಚರ: ಕೆಳಗಿದೆ ಎಂದು ಅದನ್ನು ನಮ್ಮ ಒತ್ತಕ್ಷರದಂತೆ ಓದಬೇಡಿ. ಒತ್ತಕ್ಷರದಲ್ಲಿ ಸ್ವರ ಕೊನೆಗೆ ಬರುತ್ತದೆ. ಇಲ್ಲಿ ಸ್ವರ ಮೊದಲು, ಕೆಳಗಿನ ವ್ಯಂಜನ ಆಮೇಲೆ. ಕನ್ನಡದವರು ಎಡವುವುದು ಬಹುಮಟ್ಟಿಗೆ ಇಲ್ಲೇ. ದಿನಕ್ಕೆ ಹತ್ತು ಅಂಗಡಿ ಬೋರ್ಡುಗಳ ಫೋಟೊ ನೋಡಿ ಜೋರಾಗಿ ಓದಿ. ಮಿಕ್ಕ ಯಾವ ಹಂತ ಬಿಟ್ಟರೂ ಇದೊಂದನ್ನು ಬಿಡಬೇಡಿ. ಬೋರ್ಡು ಓದಲು ಬಂದ ದಿನದಿಂದ ಆ ಊರು ನಿಮಗೆ ಅರ್ಧ ಪರಿಚಯದ ಊರು.

ಹಂತ 2: ಮೊಬೈಲ್‌ಗೆ ಮೂರು ಆಪ್ ಹಾಕಿಕೊಳ್ಳಿ

ದಾರಿಗೆ ನೇವರ್ ಮ್ಯಾಪ್, ಅನುವಾದಕ್ಕೆ ಪಾಪಾಗೊ, ಮಾತಿಗೆ ಕಾಕಾವೊಟಾಕ್. ಗೂಗಲ್ ಮ್ಯಾಪ್ಸ್ ಒಂದನ್ನೇ ನಂಬಿ ನಡೆಯಬೇಡಿ. ಅಲ್ಲಿಯ ಜನ ಬಳಸುವುದು ನೇವರ್ ಅಥವಾ ಕಾಕಾವೊ ಮ್ಯಾಪನ್ನು.

ಹಂತ 3: ಅಡಾಪ್ಟರ್ ಕೊಳ್ಳಿ

ಕರೆಂಟು ಹೆಚ್ಚುಕಡಿಮೆ ನಮ್ಮಷ್ಟೇ ವೋಲ್ಟೇಜಿನದು. ಆದರೆ ಅಲ್ಲಿಯ ಸಾಕೆಟ್ಟಿಗೆ ಎರಡು ದುಂಡು ಪಿನ್ ಬೇಕು. ನಮ್ಮ ಮೂರು ಪಿನ್ನಿನ ಪ್ಲಗ್ ಕೂರುವುದಿಲ್ಲ. ಇಲ್ಲಿಂದಲೇ ಒಯ್ಯಿರಿ.

ಹಂತ 4: ಟಿ-ಮನಿ ಕಾರ್ಡ್ ಪಡೆಯಿರಿ

ಇಳಿದ ದಿನವೇ ಸಿಯು, ಜಿಎಸ್25ನಂಥ ಯಾವುದಾದರೂ ಕನ್ವೀನಿಯನ್ಸ್ ಸ್ಟೋರಿಗೆ ಹೋಗಿ ಕಾರ್ಡ್ ಕೊಳ್ಳಿ. ಅಲ್ಲೇ ನಗದು ಕೊಟ್ಟು ಚಾರ್ಜ್ ಮಾಡಿಸಿ. ಬಸ್ಸು, ಸಬ್‌ವೇ ಎರಡಕ್ಕೂ ಇದೇ ನಡೆಯುತ್ತದೆ.

ಎಚ್ಚರ: ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ಮುಟ್ಟಿಸಿ. ಮರೆತರೆ ಮುಂದಿನ ಬಸ್ಸು ಅಥವಾ ರೈಲಿಗೆ ಸಿಗುವ ಟ್ರಾನ್ಸ್‌ಫರ್ ರಿಯಾಯಿತಿ ಹೋಗುತ್ತದೆ. ಸಬ್‌ವೇ ಬೋಗಿಯ ಮೂಲೆಯ ಸೀಟುಗಳು ವಯಸ್ಸಾದವರಿಗೆ, ಗುಲಾಬಿ ಸೀಟು ಗರ್ಭಿಣಿಯರಿಗೆ. ಖಾಲಿಯಿದ್ದರೂ ಕೂರಬೇಡಿ.

ಹಂತ 5: ರೆಸಿಡೆನ್ಸ್ ಕಾರ್ಡ್‌ಗೆ ಅರ್ಜಿ ಹಾಕಿ

90 ದಿನಕ್ಕಿಂತ ಹೆಚ್ಚು ಇರುವವರು, ಬಂದ 90 ದಿನಗಳೊಳಗೆ ವಿದೇಶಿಯರ ನೋಂದಣಿ ಮಾಡಿಸಲೇಬೇಕು; ಈ ಕಾರ್ಡ್ ಸಿಗುವುದು ಅದರಿಂದಲೇ. ಹೈಕೊರಿಯಾ ವೆಬ್‌ಸೈಟಿನಲ್ಲಿ ಇಮಿಗ್ರೇಷನ್ ಕಚೇರಿಯ ದಿನ ಕಾಯ್ದಿರಿಸಿ. ಸೆಮಿಸ್ಟರ್ ಶುರುವಿನಲ್ಲಿ ನೂಕುನುಗ್ಗಲು ಇರುತ್ತದೆ, ಆದ್ದರಿಂದ ಮೊದಲ ವಾರವೇ ಮಾಡಿ. ಗೊಂದಲವಾದರೆ 1345ಕ್ಕೆ ಫೋನ್ ಮಾಡಿ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ.

ಹಂತ 6: ತಲೆಬಾಗಿ ಮಾತಾಡಿಸಿ

ಯಾರು ಎದುರಾದರೂ ಸ್ವಲ್ಪ ತಲೆಬಾಗಿ 'ಅನ್ಯೊಂಗ್‌ಹಸೆಯೊ' ಅನ್ನಿ. ಕೊಡುವಾಗ, ತೆಗೆದುಕೊಳ್ಳುವಾಗ ಎರಡೂ ಕೈ ಚಾಚಿ. ನಮ್ಮಲ್ಲಿ ಬಲಗೈ ಸಾಕು; ಅಲ್ಲಿ ದೊಡ್ಡವರ ಮುಂದೆ ಒಂದೇ ಕೈ ಚಾಚಿದರೆ ಒರಟುತನ.

ಪರಿಚಯವಾದ ಕೂಡಲೇ ನೀವು ಹುಟ್ಟಿದ ವರ್ಷ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ನಿಮ್ಮನ್ನು ಯಾವ ಮರ್ಯಾದೆಯಲ್ಲಿ ಮಾತಾಡಿಸಬೇಕು ಎಂದು ಅವರಿಗೆ ತಿಳಿಯಬೇಕಲ್ಲ! ಕಾಲೇಜಿಗೆ ನಿಮಗಿಂತ ಮೊದಲು ಸೇರಿದವರು 'ಸೊನ್ಬೆ'. ಅವರೇ ಸಲುಗೆಯ ಮಾತಿಗೆ ಕರೆಯುವವರೆಗೂ ಗೌರವದ ಮಾತು ಬಿಡಬೇಡಿ.

ಹಂತ 7: ತಿನ್ನುವ ಮೊದಲು ಕೇಳಿ

ಸಸ್ಯಾಹಾರಿಗಳೇ, ಈ ಹಂತವನ್ನು ಎರಡು ಸಲ ಓದಿ. ಬರೀ ತರಕಾರಿಯಂತೆ ಕಾಣುವ ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪಿನಲ್ಲಿಟ್ಟ ಸಿಗಡಿ ಬಿದ್ದಿರುತ್ತದೆ. ಸೂಪು, ನೂಡಲ್ಸಿನ ರಸ ಎಷ್ಟೋ ಕಡೆ ಒಣಮೀನು ಕುದಿಸಿದ ನೀರು. ಕಿಮ್‌ಬಾಪ್ ಸುರುಳಿಯೊಳಗೆ ಹ್ಯಾಮ್, ಮೊಟ್ಟೆ ಸೇರಿರುವುದು ಮಾಮೂಲು. 'ಗೊಗಿ' ಅಂದರೆ ಮಾಂಸ. 'ಗೊಗಿ ಪೆಗೊ ಜುಸೆಯೊ' ಅಂದರೆ ಮಾಂಸ ಬಿಟ್ಟು ಕೊಡಿ. ಅಷ್ಟಕ್ಕೇ ನಿಲ್ಲಿಸಬೇಡಿ, ಮೀನು, ಸಿಗಡಿ, ಮೊಟ್ಟೆಯ ಹೆಸರು ಹಿಡಿದು ಪಾಪಾಗೊದಲ್ಲಿ ಟೈಪ್ ಮಾಡಿ ತೋರಿಸಿ. ಮೊದಮೊದಲು ಬಿಬಿಂಬಾಪ್ ಸುಲಭ: ಅನ್ನ, ತರಕಾರಿ, ಖಾರದ ಗೊಚುಜಾಂಗ್ ಕಲಸಿ ತಿನ್ನುವುದು, ಮಾಂಸ ಮೊಟ್ಟೆ ಬಿಡಿಸಲು ಹೇಳಿದರೆ ಆಯಿತು. ಬೌದ್ಧ ಮಂದಿರಗಳ ಅಡುಗೆ ಬಡಿಸುವ ಹೋಟೆಲುಗಳೂ ಇವೆ. ಅಲ್ಲಿ ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದುಡ್ಡು ಸ್ವಲ್ಪ ಹೆಚ್ಚಾದರೂ ಒಮ್ಮೆ ಹೋಗಿ ಬನ್ನಿ.

ಹಂತ 8: ಮೇಜಿನಲ್ಲಿ ದೊಡ್ಡವರನ್ನು ಕಾಯಿರಿ

ಹಿರಿಯರು ಚಮಚ ಎತ್ತಿದ ಮೇಲೆ ನೀವು ಎತ್ತಿ. ಅನ್ನ, ಸಾರಿಗೆ ಚಮಚ, ಪಲ್ಯಗಳಿಗೆ ಚಾಪ್‌ಸ್ಟಿಕ್. ಅದು ಲೋಹದ್ದು, ಮೊದಮೊದಲು ಜಾರುತ್ತದೆ. ಗಾಬರಿಯಾಗಬೇಡಿ, ಕೈ ತಾನಾಗಿ ಪಳಗುತ್ತದೆ. ಬಟ್ಟಲನ್ನು ಕೈಯಲ್ಲಿ ಎತ್ತಿಕೊಳ್ಳದೆ ಮೇಜಿನ ಮೇಲಿಟ್ಟೇ ತಿನ್ನಿ.

ಎಚ್ಚರ: ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಬಿಡಬೇಡಿ. ಅದು ಸತ್ತವರಿಗೆ ಇಡುವ ಎಡೆಯನ್ನು ನೆನಪಿಸುತ್ತದೆ. ಸುತ್ತ ಇಡುವ ಪುಟ್ಟ ಪಲ್ಯಗಳು, ಅಂದರೆ ಬಾನ್‌ಚಾನ್, ಖಾಲಿಯಾದರೆ ಇನ್ನಷ್ಟು ಕೇಳಿ, ಸಾಮಾನ್ಯವಾಗಿ ದುಡ್ಡಿಲ್ಲ. ಟಿಪ್ಸ್ ಕೊಡುವ ರೂಢಿಯೂ ಇಲ್ಲ.

ಹಂತ 9: ಕಸ ಬೇರ್ಪಡಿಸಿ

1995ರಿಂದ ಅಲ್ಲಿ ಎಸೆದಷ್ಟಕ್ಕೆ ದುಡ್ಡು ಕಟ್ಟುವ ಪದ್ಧತಿ. ಸಾಮಾನ್ಯ ಕಸಕ್ಕೆ 'ಜೊಂಗ್‌ನ್ಯಾಂಗ್‌ಜೆ' ಚೀಲವನ್ನೇ ಕೊಳ್ಳಬೇಕು. ನಿಮ್ಮ ರೂಮಿರುವ ವಾರ್ಡಿನ ಅಂಗಡಿಯಲ್ಲೇ ಕೊಳ್ಳಿ. ಚೀಲದ ಮೇಲೆ ಆ ಪ್ರದೇಶದ ಹೆಸರಿರುತ್ತದೆ. ಬಾಟಲಿ, ಡಬ್ಬಿ, ಕಾಗದ ಬೇರೆ ಬೇರೆ. ಪೆಟ್ ಬಾಟಲಿಯ ಲೇಬಲ್ ಕಿತ್ತು, ತೊಳೆದು ಹಾಕಿ.

ಎಚ್ಚರ: ಅಡುಗೆ ಕಸಕ್ಕೂ ಬೇರೆ ಜಾಗವಿದೆ, ಆದರೆ ಮೊಟ್ಟೆ ಚಿಪ್ಪು, ಮೂಳೆ, ಈರುಳ್ಳಿಯ ಒಣಸಿಪ್ಪೆ, ಮಾವಿನ ಗೊರಟೆ ಅದರಲ್ಲಿ ಸೇರುವುದಿಲ್ಲ. ಅವು ಸಾಮಾನ್ಯ ಕಸದ ಚೀಲಕ್ಕೆ.

ಹಂತ 10: ಒಂದು ದೊಂಗಾರಿ ಸೇರಿ

ದೊಂಗಾರಿ ಎಂದರೆ ವಿದ್ಯಾರ್ಥಿಗಳ ಕ್ಲಬ್. ಸೆಮಿಸ್ಟರ್ ಶುರುವಿನಲ್ಲಿ ಕ್ಯಾಂಪಸ್ಸಿನಲ್ಲಿ ಮೇಜು ಹಾಕಿ ಹೊಸಬರನ್ನು ಕರೆಯುತ್ತಾರೆ. ಸಂಗೀತ, ಬೆಟ್ಟ ಹತ್ತುವುದು, ಫೋಟೊಗ್ರಫಿ, ಯಾವುದಾದರೂ ಸರಿ. ಭಾರತದವರೊಟ್ಟಿಗೇ ಕೂತು ಸೆಮಿಸ್ಟರ್ ಮುಗಿಸುವುದು ಸುಲಭ, ಆದರೆ ಅಷ್ಟು ದೂರ ಹೋಗಿ ಹಾಗೆ ಮಾಡುವುದು ನಷ್ಟ. ಕೊರಿಯನ್ ಬಾರದೆಂದು ಹಿಂಜರಿಯಬೇಡಿ. 'ನಾನು ಎಕ್ಸ್‌ಚೇಂಜ್ ವಿದ್ಯಾರ್ಥಿ, ಸೇರಬಹುದೇ?' ಎಂದು ಪಾಪಾಗೊದಲ್ಲಿ ಬರೆದು ತೋರಿಸಿ. ಒಪ್ಪಿದರೆ ಅಲ್ಲೇ ನಿಂತು ಕಾಕಾವೊಟಾಕ್ ಗ್ರೂಪಿಗೆ ಸೇರಿಸಲು ಹೇಳಿ; ಯಾವಾಗ ಎಲ್ಲಿ ಸೇರುತ್ತಾರೆ ಎಂಬುದೆಲ್ಲ ಅದರಲ್ಲೇ ಬರುತ್ತದೆ.