ಒಳಗಿನದ್ದು ಕೂಗುತ್ತದೆ, ಹೊರಗಿನದ್ದು ಓಗೊಡುವುದಿಲ್ಲ

ಏಸಿ ಈಗ ಪೇಟೆಯವರ ಸೊತ್ತು ಮಾತ್ರ ಅಲ್ಲ. ಏಪ್ರಿಲ್ ಸೆಖೆ ತಡೆಯಲಾರದೆ ಹಂಚಿನ ಮನೆಯ ಒಂದು ಕೋಣೆಗೆ ಸೀಲಿಂಗ್ ಮಾಡಿಸಿ ಏಸಿ ಹಾಕಿಸಿಕೊಂಡ ಕೃಷಿಕರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿದ್ದಾರೆ. ಅಣಬೆ ಕೋಣೆಗೆ ಹಾಕಿಸಿದವರೂ ಇದ್ದಾರೆ. ಅವರಿಗಂತೂ ಎರಡು ದಿನ ಅದು ನಿಂತರೆ ಬೆಳೆಯೇ ಹೋದೀತು.

ತಲೆಬಿಸಿ ಶುರುವಾಗುವುದು ಅದು ಕೆಟ್ಟಾಗ. ಮೆಕ್ಯಾನಿಕ್ ಪೇಟೆಯಿಂದ ಬರಬೇಕು. ಬಂದವರು ಡಿಸ್‌ಪ್ಲೇ ಮೇಲಿನ ಅಕ್ಷರ ನೋಡಿ, "ಕಮ್ಯುನಿಕೇಶನ್ ಎರರ್, ಬೋರ್ಡ್ ಹೋಗಿದೆ" ಅಂದುಬಿಡುತ್ತಾರೆ. ಬೋರ್ಡ್ ಅಂದರೆ ಸಾವಿರಗಟ್ಟಲೆಯ ಮಾತು. ಆದರೆ ಆ ಎರರ್ ಬೋರ್ಡ್ ಹೋಗಿದೆ ಅಂತ ಹೇಳುವುದೇ ಇಲ್ಲ. ಅದು ಹೇಳುವುದು ಇಷ್ಟೇ: "ಕರೆದೆ, ಉತ್ತರ ಬರಲಿಲ್ಲ."

ಅಡಿಕೆ ಮರದ ತುದಿಯಲ್ಲಿರುವವನನ್ನು ಕೆಳಗಿನಿಂದ ಕೂಗಿ ಕರೆಯುತ್ತೇವಲ್ಲ, ಹಾಗೆ. "ಓ" ಅನ್ನಲಿಲ್ಲ ಅಂತಾದರೆ ಅವನಿಗೆ ಕೇಳಿಸದೆ ಇರಬಹುದು. ಅವನು ಓ ಅಂದದ್ದು ಗಾಳಿಗೆ ನಮಗೆ ಕೇಳದೆ ಇರಬಹುದು. ಅವನು ಆ ಮರದಲ್ಲೇ ಇಲ್ಲದಿರಬಹುದು. ಕೆಳಗೆ ನಿಂತವನಿಗೆ ಎಲ್ಲವೂ ಒಂದೇ ಥರ. ಏಸಿಯ ಒಳಗಿನ ಪೆಟ್ಟಿಗೆಗೂ ಅಷ್ಟೇ.

ಮಾತು ಹೋಗುವ ದಾರಿ

ಈ ತಕರಾರು ಸಾಮಾನ್ಯವಾಗಿ ಇನ್ವರ್ಟರ್ ಏಸಿಯದ್ದು. ಹಳೇ ಮಾದರಿಯಲ್ಲಿ ಒಳಗಿನ ಪೆಟ್ಟಿಗೆ ಹೊರಗಿನದ್ದಕ್ಕೆ ಕರೆಂಟ್ ಕೊಡುತ್ತದೆ, ತೆಗೆಯುತ್ತದೆ. ಪಂಪಿನ ಸ್ವಿಚ್ಚಿನ ಹಾಗೆ, ಅಲ್ಲಿ ಮಾತುಕತೆ ಇಲ್ಲ. ಇನ್ವರ್ಟರಿನಲ್ಲಿ ಎರಡೂ ಕಡೆ ಒಂದೊಂದು ಪುಟ್ಟ ಕಂಪ್ಯೂಟರ್ ಇದೆ. ಕೋಣೆ ಎಷ್ಟು ಬಿಸಿ, ಎಷ್ಟಕ್ಕೆ ಇಳಿಯಬೇಕು ಅಂತ ಒಳಗಿನದ್ದು ಹೇಳುತ್ತದೆ. ಅದಕ್ಕೆ ತಕ್ಕ ಹಾಗೆ ಕಂಪ್ರೆಸರನ್ನು ನಿಧಾನವೋ ಜೋರೋ ಓಡಿಸಿ, ಹೊರಗಿನದ್ದು ತನ್ನ ಸಮಾಚಾರ ಹೇಳುತ್ತದೆ. ಓಡುವಷ್ಟು ಹೊತ್ತೂ ಇದು ನಡೆಯುತ್ತಲೇ ಇರಬೇಕು.

ಹೆಚ್ಚಿನ ಮಾದರಿಗಳಲ್ಲಿ ಎರಡೂ ಪೆಟ್ಟಿಗೆಗಳ ನಡುವೆ ನಾಲ್ಕು ಎಳೆಯ ಕೇಬಲ್: ಫೇಸ್, ನ್ಯೂಟ್ರಲ್, ಅರ್ತ್, ಮತ್ತೆ ಸಿಗ್ನಲ್. ಮಾತು ಹೋಗುವುದು ಸಿಗ್ನಲ್ ಎಳೆಯಲ್ಲಿ, ಆದರೆ ವಾಪಸು ಬರುವ ದಾರಿ ನ್ಯೂಟ್ರಲ್. ಹಾಗಾಗಿ ನ್ಯೂಟ್ರಲ್ ಸಡಿಲವಾದರೂ ಮಾತು ನಿಲ್ಲುತ್ತದೆ. ಒಳಗಿನ ಒಂದನೇ ಟರ್ಮಿನಲ್ ಹೊರಗಿನ ಒಂದಕ್ಕೇ, ಎರಡು ಎರಡಕ್ಕೇ ಹೋಗಬೇಕು. ಪೈಂಟ್ ಹೊಡೆಯುವಾಗಲೋ ಪೆಟ್ಟಿಗೆ ಬದಲಿಸಿ ಇಡುವಾಗಲೋ ಕಳಚಿ ಹಾಕಿದವರು ಅದಲು ಬದಲು ಮಾಡಿದರೆ ಕೆಲಸ ಮುಗಿಯಿತು.

ಕೋಡ್ ಕಂಪನಿಯಿಂದ ಕಂಪನಿಗೆ ಬೇರೆ. ಡೈಕಿನ್‌ನದ್ದು ಯು4, ಎಲ್‌ಜಿಯದ್ದು ಸಿಎಚ್05. ನಿಮ್ಮದರದ್ದು ಪುಸ್ತಕದಲ್ಲಿದೆ. ಹಾಗಾಗಿ ಆ ಪುಸ್ತಕವನ್ನು ರದ್ದಿಗೆ ಹಾಕಬೇಡಿ.

ಯಾವಾಗ ಬರುತ್ತದೆ ನೋಡಿ

ಕೋಡ್ ಬಂದ ಕೂಡಲೇ ಫೋನ್ ಎತ್ತುವುದಲ್ಲ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಮೈನ್ ಸ್ವಿಚ್ಚೇ ತೆಗೆದು ಹತ್ತು ನಿಮಿಷ ಬಿಡಿ. ಕರೆಂಟ್ ಕಣ್ಣುಮುಚ್ಚಾಲೆ ಆಡಿದಾಗ ತಪ್ಪಿದ ಮಾತು ಎಷ್ಟೋ ಸಲ ಇಷ್ಟರಲ್ಲೇ ಸರಿಯಾಗುತ್ತದೆ.

ಮತ್ತೆ ಬಂತಾ? ಯಾವಾಗ ಬಂತು ಅಂತ ಬರೆದಿಡಿ. ಮೆಕ್ಯಾನಿಕ್‌ಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ, ಅವರು ಬಂದಾಗ ಮಿಷನ್ ಸರಿಯಾಗಿಯೇ ಓಡುವುದು ಮಾಮೂಲು. ಹಾಕಿದ ಕೂಡಲೇ ಬಂದರೆ ಎಳೆ ತುಂಡಾಗಿದೆ, ಇಲ್ಲವೇ ಹೊರಗಿನ ಪೆಟ್ಟಿಗೆಗೆ ಜೀವವೇ ಇಲ್ಲ. ಮಳೆ ಬಂದ ದಿನ ಮಾತ್ರ ಆದರೆ ಎಲ್ಲೋ ನೀರು ಕುಡಿದ ಜಾಯಿಂಟ್ ಇದೆ. ಸ್ವಲ್ಪ ಹೊತ್ತು ಓಡಿ, ಬಿಸಿಯಾದ ಮೇಲೆ ಬಂದರೆ ಸಡಿಲ ಸ್ಕ್ರೂ ಇರಬಹುದು. ಲೈನಿನ ಎಲ್ಲಾ ಪಂಪುಗಳೂ ಓಡುವ ಹೊತ್ತಿಗೆ ಮಾತ್ರ ಬಂದರೆ ವೋಲ್ಟೇಜ್ ನೋಡಿ. ಹೊರಗಿನ ಬೋರ್ಡ್ ಅರೆಪ್ರಾಣದಲ್ಲಿ ಬಿದ್ದು ಏಳುತ್ತಿರುತ್ತದೆ.

ಕೇಬಲ್ ಜತೆ ನಡೆಯಿರಿ

ಆಮೇಲೆ ಪ್ಲಗ್ ಕಿತ್ತು, ಕೇಬಲ್ ಹೋದ ದಾರಿಯಲ್ಲಿ ಟಾರ್ಚ್ ಹಿಡಿದು ಹೋಗಿ. ನಮ್ಮ ಮನೆಗಳಲ್ಲಿ ಈ ಕೇಬಲ್ ಸೀಲಿಂಗ್ ಮೇಲಿನಿಂದಲೋ ಅಟ್ಟದ ಮೂಲೆಯಿಂದಲೋ ಹೋಗುತ್ತದೆ. ಅಲ್ಲಿ ಇಲಿಯ ಕಾರುಬಾರು. ನೆರೆಯ ಒಂದು ಮನೆಯಲ್ಲಿ ಬೋರ್ಡ್ ಬದಲಿಸಬೇಕು ಅಂತ ಲೆಕ್ಕ ಬರೆದುಕೊಟ್ಟಾಗಿತ್ತು. ಮನೆಯವರು ಅಟ್ಟ ಹತ್ತಿ ನೋಡಿದರೆ ಇಲಿ ಕೇಬಲ್ಲಿನ ಹೊರಸಿಪ್ಪೆ ಸುಲಿದು ಒಂದೇ ಎಳೆಯನ್ನು ಕಡಿದಿತ್ತು. ಅದು ಸಿಗ್ನಲ್ ಎಳೆ! ಕೇಬಲ್ ಹೊಸತು ಎಳೆದಾಗ ಹಳೇ ಬೋರ್ಡೇ ಓಡಿತು.

ಗೋಡೆ ದಾಟುವಲ್ಲಿ ಟೇಪ್ ಸುತ್ತಿದ ಜಾಯಿಂಟ್ ಇದೆಯಾ ನೋಡಿ. ಕೇಬಲ್ ಗಿಡ್ಡ ಬಿದ್ದಾಗ ತುಂಡು ಸೇರಿಸುವುದು ಬೇಗ ಮುಗಿಸುವ ಉಪಾಯ. ಒಂದು ಮಳೆಗಾಲದಲ್ಲಿ ಅದರ ತಾಮ್ರ ಹಸಿರಾಗುತ್ತದೆ. ನಡುವೆ ಜಾಯಿಂಟ್ ಇಲ್ಲದ ಒಂದೇ ಕೇಬಲ್ ಇರಬೇಕು ಅನ್ನುವುದು ನನ್ನ ಹಟ. ಪಂಪಿನ ವಯರಿನ ಜತೆಗೇ ಕಟ್ಟಿ ಎಳೆದಿದ್ದರೆ ಅದನ್ನೂ ಬಿಡಿಸಿ ದೂರ ಮಾಡಿ. ಪಂಪ್ ಸ್ಟಾರ್ಟ್ ಆಗುವಾಗಿನ ಗದ್ದಲದಲ್ಲಿ ಮಾತು ಕೆಡಬಹುದು.

ಮಲ್ಟಿಮೀಟರ್ ಇದ್ದವರು, ಎರಡೂ ತುದಿ ಕಳಚಿ ಒಂದೊಂದೇ ಎಳೆ ನೋಡಬಹುದು. ಆದರೆ ಮೀಟರ್ ಬೀಪ್ ಅಂದ ಮಾತ್ರಕ್ಕೆ ಕೇಬಲ್ ಸರಿ ಇದೆ ಅಂತಲ್ಲ. ಒದ್ದೆ ಜಾಯಿಂಟೂ ಬೀಪ್ ಅನ್ನುತ್ತದೆ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ: ಅಷ್ಟೇ ದಪ್ಪದ ಹೊಸ ಕೇಬಲನ್ನು ಕಿಟಕಿಯಿಂದ ಹೊರಗೆ ಹಾಕಿ, ತಾತ್ಕಾಲಿಕವಾಗಿ ಎರಡೂ ಪೆಟ್ಟಿಗೆ ಜೋಡಿಸಿಸಿ ನೋಡುವುದು. ಓಡಿದರೆ ಬೋರ್ಡಿನ ದುಡ್ಡು ಉಳಿಯಿತು. ಓಡದಿದ್ದರೂ ಕೇಬಲ್ ವ್ಯರ್ಥವಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹೊರಗಿನ ಪೆಟ್ಟಿಗೆಯೊಳಗೆ ದೊಡ್ಡ ಕೆಪಾಸಿಟರುಗಳಿವೆ. 230 ವೋಲ್ಟ್ ಕರೆಂಟ್ ಅಲ್ಲಿ ಸುಮಾರು 325 ವೋಲ್ಟ್ ಡೀಸಿ ಆಗಿ ಕೂತಿರುತ್ತದೆ. ಪ್ಲಗ್ ಕಿತ್ತರೂ ಕೂಡಲೇ ಹೋಗುವುದಿಲ್ಲ. ಹತ್ತು ನಿಮಿಷವಾದರೂ ಕಾಯಬೇಕು. ಮೀಟರಿನಲ್ಲಿ 50 ವೋಲ್ಟಿಗಿಂತ ಕಡಿಮೆ ಇದೆ ಅಂತ ನೋಡಿಯೇ ಮುಟ್ಟಬೇಕು. ಪಂಪ್ ಸ್ಟಾರ್ಟರ್ ಬಿಚ್ಚಿ ಅಭ್ಯಾಸ ಇದೆ ಅಂತ ಧೈರ್ಯ ಮಾಡಬೇಡಿ, ಅದೇ ಬೇರೆ, ಇದೇ ಬೇರೆ. ಕವರ್ ತೆಗೆಯುವುದರಿಂದ ಮುಂದಿನದ್ದು ಗೊತ್ತಿದ್ದವರ ಕೆಲಸ. ವಾರಂಟಿ ಇರುವಾಗಂತೂ ನಾವು ಬಿಚ್ಚಲೇಬಾರದು.

ಮೆಕ್ಯಾನಿಕ್ ಬಂದಾಗ

ಬಂದವರ ಹತ್ತಿರ ವಿನಯದಿಂದಲೇ ಕೇಳಿ: ಹೊರಗಿನ ಟರ್ಮಿನಲ್ಲಿಗೆ ಕರೆಂಟ್ ಬರುತ್ತದಾ? ಬರುತ್ತದೆ ಅಂತಾದರೆ ಅಲ್ಲಿನ ಬೋರ್ಡಿನ ದೀಪ ಉರಿಯುತ್ತದಾ? ಉರಿದರೆ ಆ ಬೋರ್ಡಿಗೆ ಜೀವ ಇದೆ. ಮಾತಿನ ದಾರಿ ನೋಡಬೇಕು. ನ್ಯೂಟ್ರಲ್ ಮತ್ತು ಸಿಗ್ನಲ್ ನಡುವೆ ಡೀಸಿಯಲ್ಲಿ ಮೀಟರ್ ಇಟ್ಟರೆ ಅಂಕಿ ಕುಣಿಯುತ್ತಿರಬೇಕು. ಒಂದೇ ಕಡೆ ನಿಂತರೆ ಮಾತು ಕಡಿದಿದೆ ಅಂತ ಅರ್ಥ. ಅಂಕಿ ಎಷ್ಟಿರಬೇಕು ಅನ್ನುವುದು ಮಾದರಿಗೊಂದು.

ಕರೆಂಟ್ ಬಂದೂ ದೀಪ ಉರಿಯದಿದ್ದರೆ ಬೋರ್ಡಿನ ಫ್ಯೂಸ್ ನೋಡಿಸಿ. ಸಿಡಿಲಿನ ಮರುದಿನದ ಕೇಸಾದರೆ ಫ್ಯೂಸಿನ ಪಕ್ಕ ಬಿಲ್ಲೆಯಂಥ ವೇರಿಸ್ಟರ್ ಕಪ್ಪಾಗಿ ಒಡೆದಿರುತ್ತದೆ. ತನ್ನ ಪ್ರಾಣ ಕೊಟ್ಟು ಉಳಿದದ್ದನ್ನು ಕಾಯುವುದಕ್ಕೇ ಅದು ಇರುವುದು. ಇನ್ನೊಂದು ಸಂಗತಿ ಅವಸರದವರ ಕಣ್ತಪ್ಪುತ್ತದೆ. ಹೊರಗಿನ ಡೀಸಿ ಫ್ಯಾನ್ ಮೋಟರ್ ಒಳಗೇ ಶಾರ್ಟ್ ಆದರೆ, ಬೋರ್ಡಿನ ಸಣ್ಣ ವೋಲ್ಟೇಜನ್ನು ಅದೇ ಎಳೆದುಕೊಂಡು ಇಡೀ ಬೋರ್ಡನ್ನು ಮಂಕು ಮಾಡುತ್ತದೆ. ಕರೆಂಟ್ ತೆಗೆದು, ಕಾದು, ಫ್ಯಾನಿನ ಪ್ಲಗ್ ಕಳಚಿ ಪುನಃ ಕರೆಂಟ್ ಕೊಟ್ಟಾಗ ದೀಪ ಬಂದರೆ ಕಳ್ಳ ಫ್ಯಾನು. ಇಂಥದ್ದರಲ್ಲಿ ಹೊಸ ಬೋರ್ಡ್ ಹಾಕಿದರೆ ಅದೂ ಓಗೊಡುವುದಿಲ್ಲ. ಇರುವೆ ಗೂಡು, ಸತ್ತ ಹಲ್ಲಿ ಇದೆಯಾ ಅಂತಲೂ ನೋಡಲು ಹೇಳಿ.

ಇಷ್ಟೆಲ್ಲ ಸರಿಯಿದ್ದೂ ಮಾತು ಹೊರಡದಿದ್ದರೆ ಬೋರ್ಡ್ ಬದಲಿಸಲೇಬೇಕು. ಅದರಲ್ಲೂ ಯಾವ ಕಡೆಯ ಬೋರ್ಡ್, ಹೇಗೆ ಗೊತ್ತಾಯಿತು ಅಂತ ಕೇಳುವ ಹಕ್ಕು ದುಡ್ಡು ಕೊಡುವ ನಮಗಿದೆ. ವಾರಂಟಿ ಕಾರ್ಡ್ ಪೂರ್ತಿ ಓದಿ. ದೊಡ್ಡಕ್ಷರದಲ್ಲಿರುವ ವರ್ಷ ಹೆಚ್ಚಾಗಿ ಕಂಪ್ರೆಸರಿನದ್ದು, ಬೋರ್ಡಿನದ್ದು ಬೇರೆ ಸಾಲಿನಲ್ಲಿರುತ್ತದೆ. ತೆಗೆದ ಬೋರ್ಡನ್ನು ವಾರಂಟಿಯಲ್ಲಿ ಹಿಂದೆ ಕೊಡಬೇಕೆಂದಿಲ್ಲದಿದ್ದರೆ ನಿಮ್ಮಲ್ಲೇ ಇಟ್ಟುಕೊಳ್ಳಿ, ರಿಪೇರಿಯಾದೀತು.

ಹೊಸತಾಗಿ ಹಾಕಿಸುವವರು ಕೇಬಲನ್ನು ಪೈಪಿನೊಳಗೆ ಎಳೆಸಿ, ಪೈಪಿನ ಎರಡೂ ಬಾಯಿ ಪುಟ್ಟಿ ಹಾಕಿ ಮುಚ್ಚಿಸಿ. ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡಿ, ಸ್ವಿಚ್ ತೆಗೆದರೆ ಸಾಲದು. ನಮ್ಮಲ್ಲಿ ಏಪ್ರಿಲ್-ಮೇಯ ಸಿಡಿಲಿನಷ್ಟೇ ಅಕ್ಟೋಬರ್-ನವೆಂಬರದ್ದೂ ಜೋರು. ಆಗ ಸೆಖೆ ಇಲ್ಲ ಅಂತ ಏಸಿಯ ನೆನಪೇ ಇರುವುದಿಲ್ಲ, ಪ್ಲಗ್ ಮಾತ್ರ ಗೋಡೆಯಲ್ಲೇ ಇರುತ್ತದೆ.